ಓನರ್ ಮನೇಲೇ ಇದ್ದು ಕೆಲಸ ಮಾಡ್ತೀರಾ? ಮೊದಲ ವಾರವೇ ಮಾತಾಡ್ಕೊಂಬಿಡಿ

ಬೇರೆ ದೇಶಕ್ಕೆ ಹೋಗಿ ಓನರ್ ಮನೇಲೇ ಉಳ್ಕೊಂಡು ಮನೆಗೆಲಸ ಮಾಡೋರಿಗೆ ಊಟ, ನಿದ್ದೆ, ದುಡಿಮೆ ಎಲ್ಲಾ ಒಂದೇ ಸೂರಿನಡಿ. ಹೇಳಿದ್ದಕ್ಕೆಲ್ಲಾ ತಲೆಯಾಡಿಸ್ಕೊಂಡಿದ್ರೆ ಸಂಬಂಧ ಚೆನ್ನಾಗಿರುತ್ತೆ ಅಂತ ತುಂಬಾ ಜನ ಅಂದ್ಕೋತಾರೆ, ಆದ್ರೆ ತಿಂಗಳುಗಟ್ಟಲೆ ನುಂಗ್ಕೊಂಡು ಒಂದಿನ ಸಿಡಿದಾಗ್ಲೇ ಎಲ್ಲಾ ಕೆಡೋದು.

ಮೊದಲು, ಹೊರಡೋಕೆ ಮುಂಚೆನೇ ಸಂಬಳ, ಕೆಲಸ, ರಜೆ ಎಲ್ಲಾ ಬರೆದಿರೋ ಅಗ್ರಿಮೆಂಟ್ ಕೇಳಿ, ಫೋಟೋ ತೆಗೆದು ಮನೆಯವರಿಗೂ ಕಳಿಸಿ. ವಿಶ್ವಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ (ILO) ಮನೆಗೆಲಸದವರಿಗಾಗಿ ಮಾಡಿದ 2011ರ 189ನೇ ಒಪ್ಪಂದದಲ್ಲಿ ವಾರಕ್ಕೆ ಕನಿಷ್ಠ ಒಂದೇ ಸಮನೆ 24 ಗಂಟೆ ರಜೆ, ತಿಂಗಳಿಗೊಮ್ಮೆಯಾದ್ರೂ ಸಂಬಳ, ಪಾಸ್‌ಪೋರ್ಟ್ ನಮ್ಮ ಹತ್ರನೇ ಇಟ್ಕೊಳ್ಳೋ ಹಕ್ಕು ಇದೆ. ಎಲ್ಲಾ ದೇಶಗಳೂ ಇದನ್ನ ಒಪ್ಪಿಲ್ಲ, ಹಾಗಾಗಿ ನೀವು ಹೋಗೋ ದೇಶದ ರೂಲ್ಸ್ ಏನು ಅಂತ ವಿಚಾರಿಸ್ಲೇಬೇಕು.

ಮನೆ ಸೇರಿದ ಮೇಲೆ ಮೊದಲ ವಾರ ನಾಚ್ಕೊಳ್ದೆ ಕೇಳಿ: ರಾತ್ರಿ ಮಗು ಅತ್ರೆ ಯಾರು ಏಳೋದು, ಯಾವ ಬಟ್ಟೆ ಮಷೀನಿಗೆ ಹಾಕ್ಬಾರ್ದು, ಫೋನ್ ಯಾವಾಗ ಮಾಡ್ಬಹುದು. ಭಾಷೆ ಸರಿಯಾಗಿ ಬರ್ದಿದ್ರೆ ಮಾಡಿ ತೋರಿಸೋಕೆ ಹೇಳಿ, ಅರ್ಥ ಆಗದೆ ಹ್ಞೂಂ ಅನ್ಬೇಡಿ. ಸಾಮಾನು ತಂದ್ರೆ ಬಿಲ್ ಒಂದು ಕಡೆ ಇಟ್ಟು ಲೆಕ್ಕ ಬರೀರಿ, ಅವ್ರು ಕೇಳದಿದ್ರೂ ತೋರಿಸಿ. ಇಸ್ತ್ರಿ ಮಾಡ್ವಾಗ ಶರ್ಟ್ ಸುಟ್ರೆ ಬೀರುವಿನ ಅಡಿಗೆ ತಳ್ಳೋದಲ್ಲ, ಅವತ್ತೇ ಹೇಳಿ. ಒಂದು ಸಲ ಬಚ್ಚಿಟ್ಟಿದ್ದು ಸಿಕ್ರೆ ಆಮೇಲೆ ಮನೇಲಿ ಏನು ಕಾಣೆಯಾದ್ರೂ ಅನುಮಾನ ನಿಮ್ಮ ಮೇಲೇ ಬರುತ್ತೆ.

ಕಷ್ಟ ಹೇಳ್ಕೊಳ್ಳೋದು ನಿಜವಾಗ್ಲೂ ಕಲೀಬೇಕಾದ ಕೆಲಸ. ನೆಂಟರ ಮುಂದೆ ಬೇಡ, ಓನರ್ ಆಫೀಸಿಗೆ ಓಡೋ ಹೊತ್ತಲ್ಲೂ ಬೇಡ. "ಯಾವಾಗ್ಲೂ ನನಗೆ ರೆಸ್ಟೇ ಕೊಡಲ್ಲ" ಅಂದ್ರೆ ಜಗಳಾನೇ ಆಗುತ್ತೆ. "ಮೇಡಂ, ನಿನ್ನೆ ಪಾತ್ರೆ ಮುಗಿಯೋಷ್ಟರಲ್ಲಿ ಹನ್ನೆರಡಾಯ್ತು, ಇಂಥ ದಿನ ಮಾರನೇ ಬೆಳಗ್ಗೆ ಏಳು ಗಂಟೆಗೆ ಶುರು ಮಾಡ್ಲಾ?" ಅಂತ ಕೇಳಿ, ಆಗ ಅವ್ರಿಗೂ ಹೂಂ ಅನ್ನೋಕೆ ದಾರಿ ಇರುತ್ತೆ. ಒಪ್ಪಿದ್ಮೇಲೆ ಅದನ್ನೇ ಒಂದು ಮೆಸೇಜ್ ಹಾಕಿಬಿಡಿ.

ಹಾಗೇ ಆ ಮನೆ ಜಗಳ ಪಕ್ಕದ ಮನೆ ಕೆಲಸದವರ ಹತ್ರ ಹೇಳ್ಬೇಡಿ, ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕ್ಬೇಡಿ.

ಆದ್ರೆ ಹೊಡೆಯೋದು, ಮೈ ಮುಟ್ಟೋದು, ಸಂಬಳ ತಡೆಯೋದು, ಕೂಡಿ ಹಾಕೋದು, ಇದ್ಯಾವುದೂ ಹೊಂದ್ಕೊಂಡು ಹೋಗೋ ವಿಷಯ ಅಲ್ಲ, ತಪ್ಪು ನಿಮ್ಮದೂ ಅಲ್ಲ. ನಿಮ್ಮ ದೇಶದ ರಾಯಭಾರ ಕಚೇರಿ ಮತ್ತೆ ಅಲ್ಲಿನ ಪೊಲೀಸ್ ನಂಬರ್ ಫೋನಲ್ಲಿ ಮಾತ್ರ ಅಲ್ಲ, ಒಂದು ಚೀಟೀಲೂ ಬರೆದಿಟ್ಕೊಳ್ಳಿ, ಯಾಕಂದ್ರೆ ಇಂಥ ಕಡೆ ಮೊದಲು ಕಿತ್ಕೊಳ್ಳೋದು ಫೋನನ್ನೇ.