ಆನರ್ ಸೊಸೈಟಿಯಿಂದ ಕರೆ ಬಂದಾಗ ಸದಸ್ಯತ್ವದ ನಿಯಮ ಓದುವ ಬಗೆ

ಶಿವರಾತ್ರಿ ಕಳೆದ ವಾರ, ತೀರ್ಥಹಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಡಿಕೆ ಮಂಡಿಯ ಕೆಲಸ ಮುಗಿಸಿಕೊಂಡು ವಿನೋಬನಗರದ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮೊಬೈಲ್ ಮುಂದೆ ಹಿಡಿದ. ‘ಮೇಡಂ, ಮಗಳಿಗೆ ಅಮೆರಿಕದಲ್ಲಿ ಯಾವುದೋ ಸೊಸೈಟಿಯವರು ಸದಸ್ಯಳಾಗು ಎಂದು ಪತ್ರ ಕಳುಹಿಸಿದ್ದಾರೆ. ಷೇರು ಹಣ ಕಟ್ಟಬೇಕಂತೆ. ಹದಿನೈದು ದಿನದ ಗಡುವು. ಇದು ನಿಜವೋ ಮೋಸವೋ ನೀವೇ ನೋಡಿ ಹೇಳಬೇಕು.’

ಅವನ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಸೊಸೈಟಿ ಎಂದರೆ ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್, ಇಲ್ಲವೇ ಊರಿನ ಕೃಷಿ ಪತ್ತಿನ ಸಹಕಾರ ಸಂಘ. ಷೇರು ತೆಗೆದುಕೊಂಡರೆ ಸದಸ್ಯ, ಸದಸ್ಯನಾದರೆ ಸಾಲ, ಗೊಬ್ಬರ, ಮಹಾಸಭೆಯಲ್ಲಿ ಒಂದು ಮತ. ವಿಶ್ವವಿದ್ಯಾಲಯದ ಆನರ್ ಸೊಸೈಟಿ, ಅಂದರೆ ಓದಿನಲ್ಲಿ ಮುಂದಿರುವವರನ್ನು ಆರಿಸಿ ಸೇರಿಸಿಕೊಳ್ಳುವ ಗೌರವ ಸಂಘದ ಲೆಕ್ಕವೇ ಬೇರೆ. ಅಲ್ಲಿ ಹಣ ಕೊಟ್ಟು ಅರ್ಹತೆ ಕೊಳ್ಳಲು ಬರುವುದಿಲ್ಲ. ಅರ್ಹತೆ ಮೊದಲು, ಕರೆ ಆಮೇಲೆ, ಶುಲ್ಕ ಕೊನೆಗೆ. ಈ ಕ್ರಮ ತಿರುಗುಮುರುಗಾಗಿದ್ದರೆ, ಶುಲ್ಕದ ಮಾತು ದಪ್ಪ ಅಕ್ಷರದಲ್ಲಿದ್ದು ಅರ್ಹತೆಯ ಮಾತು ಮಸುಕಾಗಿದ್ದರೆ, ಅಲ್ಲಿಗೇ ನಿಲ್ಲಿಸಿ.

ನಾನು ಮೂವತ್ತೊಂದು ವರ್ಷ ವಾಣಿಜ್ಯ ವಿಭಾಗದಲ್ಲಿ ಅಕೌಂಟೆನ್ಸಿ ಕಲಿಸಿದವಳು. ಈಗ ನನ್ನ ವಿದ್ಯಾರ್ಥಿಗಳ ಮಕ್ಕಳು ಹೊರದೇಶದಲ್ಲಿ ಎಂಬಿಎ ಓದುತ್ತಿದ್ದಾರೆ. ಇಂಥ ಪತ್ರಗಳು ವರ್ಷಕ್ಕೆ ಮೂರೋ ನಾಲ್ಕೋ ನನ್ನ ಊಟದ ಮೇಜಿಗೆ ಬರುತ್ತವೆ. ಪ್ರತಿ ಬಾರಿಯೂ ನಾನು ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪತ್ರ ಯಾರದು?

ಬಿಸಿನೆಸ್ ಓದುವವರ ಗೌರವ ಸಂಘಗಳಲ್ಲಿ ಹೆಚ್ಚು ಹೆಸರಿರುವುದು ಬೀಟಾ ಗಾಮಾ ಸಿಗ್ಮಾ. ವಿಸ್ಕಾನ್ಸಿನ್, ಇಲಿನಾಯ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಲ್ಲಿ ಬೇರೆಬೇರೆಯಾಗಿದ್ದ ಮೂರು ವಿದ್ಯಾರ್ಥಿ ಸಂಘಗಳು 1913ರಲ್ಲಿ ಒಂದಾಗಿ ಹುಟ್ಟಿದ್ದು ಅದು. ಗೌರವ, ವಿವೇಕ, ಶ್ರದ್ಧೆ ಎಂಬ ಅರ್ಥದ ಗ್ರೀಕ್ ಪದಗಳ ಮೊದಲ ಅಕ್ಷರಗಳೇ ಅದರ ಹೆಸರು. ಗ್ರೀಕ್ ಅಕ್ಷರ ಕಂಡ ಕೂಡಲೇ ನಮ್ಮ ಹೆಣ್ಣುಮಕ್ಕಳ ತಾಯಂದಿರು ಗಾಬರಿಯಾಗುವುದನ್ನು ನೋಡಿದ್ದೇನೆ. ಗಾಬರಿ ಬೇಡ. ಅಮೆರಿಕದ ಕಾಲೇಜುಗಳಲ್ಲಿ ಈ ಪದ್ಧತಿ 1776ರಲ್ಲಿ ಹುಟ್ಟಿದ ಫೈ ಬೀಟಾ ಕಾಪಾ ಕಾಲದಿಂದ ನಡೆದುಬಂದಿದೆ.

ಬೀಟಾ ಗಾಮಾ ಸಿಗ್ಮಾ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಎಎಸಿಎಸ್‌ಬಿ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಬಿಸಿನೆಸ್ ಶಾಲೆಗಳಲ್ಲಿ ಮಾತ್ರ ಅದರ ಶಾಖೆ ತೆರೆಯಲು ಅವಕಾಶ. ನಮ್ಮ ನ್ಯಾಕ್ ಶ್ರೇಣಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಕಾಲೇಜಿಗೆ ನ್ಯಾಕ್ ಎಷ್ಟೇ ಒಳ್ಳೆಯ ಶ್ರೇಣಿ ಕೊಟ್ಟಿರಲಿ, ಈ ಶಾಖೆ ತೆರೆಯಲು ಅದು ಸಾಲದು. ಹಾಗಾಗಿ ಮೊದಲ ಕೆಲಸ, ಮಗಳು ಓದುತ್ತಿರುವ ಶಾಲೆಯ ಹೆಸರು ಎಎಸಿಎಸ್‌ಬಿ ಪ್ರಕಟಿಸುವ ಮಾನ್ಯತೆಯ ಪಟ್ಟಿಯಲ್ಲಿದೆಯೇ ನೋಡುವುದು. ಎರಡನೆಯದು, ಆ ಶಾಲೆಯ ಶಾಖೆಯನ್ನು ನೋಡಿಕೊಳ್ಳುವ ಪ್ರಾಧ್ಯಾಪಕರು ಯಾರು ಎಂಬುದನ್ನು ಪತ್ತೆ ಮಾಡುವುದು. ಇದನ್ನು ಪತ್ರದಲ್ಲಿರುವ ಕೊಂಡಿ ಒತ್ತಿ ಹುಡುಕಬೇಡಿ. ವಿಶ್ವವಿದ್ಯಾಲಯದ ಜಾಲತಾಣಕ್ಕೆ ನೀವೇ ಹೋಗಿ ವಿಭಾಗದ ಪುಟದಲ್ಲಿ ಹುಡುಕಿ. ಹೆಸರು ಸಿಕ್ಕರೆ ಅವರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ: ಇಂಥ ಪತ್ರ ಬಂದಿದೆ, ಇದು ನಿಮ್ಮಿಂದಲೇ ಬಂದದ್ದೇ, ಯಾವ ಆಧಾರದ ಮೇಲೆ ನನ್ನನ್ನು ಆರಿಸಲಾಗಿದೆ?

ಈ ಎರಡು ಸಾಲು ಬರೆಯಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಮೇಷ್ಟರನ್ನು ಪ್ರಶ್ನಿಸಿದಂತಾಗುತ್ತದೆ ಎಂಬ ಅಂಜಿಕೆ. ಅಲ್ಲಿನ ಪ್ರಾಧ್ಯಾಪಕರಿಗೆ ಇದು ದಿನನಿತ್ಯದ ಪ್ರಶ್ನೆ, ಧೈರ್ಯವಾಗಿ ಕೇಳಿ. ಹೊಸನಗರದ ಕಡೆಯ ಒಬ್ಬ ಹುಡುಗ ಹಾಗೆ ಕೇಳದೆ ಹಣ ಕಟ್ಟಿಬಿಟ್ಟಿದ್ದ. ಬಂದ ಪತ್ರದಲ್ಲಿ ಕಾಲೇಜಿನ ಹೆಸರಿರಲಿಲ್ಲ, ತರಗತಿಯ ಸ್ಥಾನದ ಮಾತಿರಲಿಲ್ಲ, ‘ನಿಮ್ಮ ಸಾಧನೆಯನ್ನು ಗುರುತಿಸಿದ್ದೇವೆ’ ಎಂಬ ಒಂದೇ ಸಾಲಿತ್ತು. ಚೌಕಟ್ಟು ಹಾಕಿದ ಪ್ರಮಾಣಪತ್ರ ಮನೆಗೆ ಬಂತು. ಕೆಲಸದ ಸಂದರ್ಶನದಲ್ಲಿ ಇದಕ್ಕೆ ಅರ್ಹತೆ ಏನು ಎಂದು ಕೇಳಿದಾಗ ಅವನ ಬಳಿ ಉತ್ತರವಿರಲಿಲ್ಲ. ಆ ಚೌಕಟ್ಟನ್ನು ಅವನ ಅಮ್ಮ ಗೋಡೆಯಿಂದ ಇಳಿಸಿ ನಾಗಂದಿಗೆಯ ಮೇಲೆ ಇಟ್ಟದ್ದನ್ನು ನಾನೇ ನೋಡಿದೆ. ಬಹಳ ಬೇಸರವಾಯಿತು.

ಯಾವ ತರಗತಿ, ಎಷ್ಟು ಜನ, ಎಷ್ಟನೆಯ ಸ್ಥಾನ?

ಪತ್ರ ನಿಜ ಎಂದಾದ ಮೇಲೆ ಅರ್ಹತೆಯ ನಿಯಮ. ಹೆಚ್ಚಿನವರು ತಪ್ಪಾಗಿ ಓದುವುದು ಇಲ್ಲೇ.

ನಾವು ಅಂಕ ಎಂದ ಕೂಡಲೇ ಗಡಿರೇಖೆ ನೆನೆಯುತ್ತೇವೆ. ಅರವತ್ತಕ್ಕೆ ಪ್ರಥಮ ದರ್ಜೆ, ಅದಕ್ಕೂ ಮೇಲೆ ಡಿಸ್ಟಿಂಕ್ಷನ್. ಗೆರೆ ದಾಟಿದವರೆಲ್ಲ ಒಳಗೆ. ಬೀಟಾ ಗಾಮಾ ಸಿಗ್ಮಾದ ನಿಯಮ ಗೆರೆಯದ್ದಲ್ಲ, ಸಾಲಿನದ್ದು. ಪದವಿ ವಿದ್ಯಾರ್ಥಿಗಳಲ್ಲಿ ತರಗತಿಯ ಮೇಲಿನ ಶೇ 10, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಮೇಲಿನ ಶೇ 20 ಮಂದಿಗೆ ಕರೆ ಹೋಗುತ್ತದೆ. ಡಾಕ್ಟರೇಟ್ ಮಾಡುವವರಿಗೆ ಪ್ರಬಂಧವೂ ಸೇರಿ ಎಲ್ಲ ಹಂತ ಮುಗಿದ ಮೇಲೆ. ಇದು ಹೊರಗಿನ ಮಿತಿ. ಒಳಗೆ ಇನ್ನೂ ಬಿಗಿಯಾದ ನಿಯಮ ಇಟ್ಟುಕೊಳ್ಳುವ ಶಾಲೆಗಳೂ ಇವೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಓದುವ ರ‍್ಯಾಂಕ್ ಪಟ್ಟಿ. ಅಲ್ಲಿಯೂ ಎಷ್ಟು ಅಂಕ ಎಂಬುದಕ್ಕಿಂತ ಎಷ್ಟನೆಯವರು ಎಂಬುದೇ ಮುಖ್ಯ.

ಆ ದಿನ ನನ್ನ ವಿದ್ಯಾರ್ಥಿ ಕಾಫಿ ಲೋಟ ಪಕ್ಕಕ್ಕಿಟ್ಟು ಕೇಳಿದ: ‘ಅವಳ ಜಿಪಿಎ 4ಕ್ಕೆ 3.81 ಮೇಡಂ. ಅಂದರೆ ನೂರಕ್ಕೆ ತೊಂಬತ್ತೈದು ಅಲ್ಲವೇ? ಹಾಗಿದ್ದರೆ ಸಿಗಲೇಬೇಕಲ್ಲ?’ ಮಂಡಿಯ ಚೀಟಿಯ ಹಿಂಬದಿಯಲ್ಲಿ ಭಾಗಾಕಾರ ಮಾಡಿಕೊಂಡೇ ಬಂದಿದ್ದ. ನಾನು ಅದನ್ನು ಪಕ್ಕಕ್ಕಿಟ್ಟು ನನ್ನ ಹಳೆಯ ಲೆಡ್ಜರ್ ಪುಸ್ತಕದ ಖಾಲಿ ಹಾಳೆ ತೆಗೆದೆ. 3.81ನ್ನು ಶೇಕಡಾವಾರು ಮಾಡುವುದೇ ಬೇಡ. ಅಲ್ಲಿ ಕೊಡುವುದು ಅಕ್ಷರ ಶ್ರೇಣಿ. ಅದನ್ನು ನಮ್ಮ ಅಂಕಕ್ಕೆ ತಿರುಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಬೇಕಾದದ್ದು ಬೇರೆ ಎರಡು ಸಂಖ್ಯೆ. ಅವಳು ಪ್ರಾಧ್ಯಾಪಕರನ್ನು ಕೇಳಿ ಅವೆರಡನ್ನೂ ಮರುದಿನ ಕಳುಹಿಸಿದಳು: ತರಗತಿಯಲ್ಲಿ 86 ಜನ, ಇವಳ ಸ್ಥಾನ 15.

ಇವಳದು ಸ್ನಾತಕೋತ್ತರ ತರಗತಿ. 86ರ ಶೇ 20 ಎಂದರೆ 17.2. ಹದಿನೇಳು ಜನಕ್ಕೆ ಕರೆ ಹೋಗಬಹುದು, ಇವಳು ಹದಿನೈದನೆಯವಳು, ಒಳಗಿದ್ದಾಳೆ. ಇದೇ 86 ಜನ ಪದವಿ ತರಗತಿಯವರಾಗಿದ್ದರೆ ಶೇ 10ಕ್ಕೆ 8.6, ಎಂಟನೆಯವರಲ್ಲಿಗೆ ಸಾಲು ಮುಗಿಯುತ್ತಿತ್ತು, ಅದೇ ಹದಿನೈದನೆಯ ಸ್ಥಾನ ಹೊರಗೆ ಉಳಿಯುತ್ತಿತ್ತು. ಇನ್ನೊಂದು ಶಾಲೆಯಲ್ಲಿ 3.85 ಪಡೆದ ಅವಳ ಗೆಳತಿಗೆ ಕರೆ ಬಂದಿರಲಿಲ್ಲ. ಅಲ್ಲಿ ಎಲ್ಲರಿಗೂ ಶ್ರೇಣಿ ಧಾರಾಳವಾಗಿ ಬಿದ್ದಿತ್ತು, 3.85ಕ್ಕೂ ಮುಂದೆ ಬಹಳ ಜನರಿದ್ದರು. ಆ ಹುಡುಗಿ ದಡ್ಡಿಯೂ ಅಲ್ಲ, ಇವಳು ಅವಳಿಗಿಂತ ಜಾಣೆಯೂ ಅಲ್ಲ. ಎರಡು ಬೇರೆ ಸಾಲು, ಅಷ್ಟೇ. ಇದನ್ನು ಇಬ್ಬರ ತಂದೆತಾಯಿಗೂ ಬಿಡಿಸಿ ಹೇಳುವುದು ಅಗತ್ಯ. ನೆಂಟರ ಮದುವೆಯಲ್ಲಿ ಒಬ್ಬರನ್ನು ಇನ್ನೊಬ್ಬರ ಜೊತೆ ತೂಗಿ ನೋಯಿಸುವುದನ್ನು ಎಷ್ಟು ಸಲ ಕಂಡಿದ್ದೇನೆ.

ಹಾಗಾದರೆ ನಿಯಮದಲ್ಲಿ ‘ತರಗತಿ’ ಎಂದರೆ ಯಾರು? ಹಗಲಿನ ಪೂರ್ಣಾವಧಿ ಎಂಬಿಎ, ಸಂಜೆಯ ಎಂಬಿಎ, ಅಕೌಂಟಿಂಗ್ ಸ್ನಾತಕೋತ್ತರ, ಇವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆಯೇ, ಬೇರೆಬೇರೆಯೇ? ಎಷ್ಟು ಕ್ರೆಡಿಟ್ ಮುಗಿಸಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರ ಹಳೆಯ ಅಂಕ ಸೇರುತ್ತದೆಯೇ? ಇವು ಶಾಖೆಯ ನಿಯಮಾವಳಿಯಲ್ಲಿ ಇರುತ್ತವೆ, ಕೇಳಿದರೆ ಹೇಳುತ್ತಾರೆ. ಕರೆ ಬರಲಿಲ್ಲ ಎಂದು ಕೊರಗುವ ಮಕ್ಕಳಿಗೆ ನಾನು ಮೊದಲು ಇವನ್ನೇ ಕೇಳಲು ಹೇಳುವುದು. ಎಷ್ಟೋ ಸಲ ಕ್ರೆಡಿಟ್ ಇನ್ನೂ ಸಾಲದೆ ಇರುತ್ತದೆ, ಮುಂದಿನ ಸೆಮಿಸ್ಟರ್‌ಗೆ ಕರೆ ಬರುತ್ತದೆ. ಕರೆ ಬಾರದೆ ತಾನಾಗಿ ಅರ್ಜಿ ಹಾಕಿ ಸೇರುವ ದಾರಿ ಮಾತ್ರ ಇಲ್ಲಿಲ್ಲ.

ಬೇರೆ ಹೆಸರಿದ್ದರೆ

ಹೆಸರು ಬೇರೆ ಎಂದ ಮಾತ್ರಕ್ಕೆ ಸುಳ್ಳು ಎಂದುಕೊಳ್ಳಬೇಡಿ. ಡೆಲ್ಟಾ ಮ್ಯೂ ಡೆಲ್ಟಾ ಕೂಡ 1913ರಲ್ಲೇ ಹುಟ್ಟಿದ ಬಿಸಿನೆಸ್ ಗೌರವ ಸಂಘ. ಅದರ ಶಾಖೆಗಳು ಎಸಿಬಿಎಸ್‌ಪಿ ಎಂಬ ಇನ್ನೊಂದು ಮಾನ್ಯತಾ ಸಂಸ್ಥೆಗೆ ಸೇರಿದ ಶಾಲೆಗಳಲ್ಲಿ ಇರುತ್ತವೆ. ಸಿಗ್ಮಾ ಬೀಟಾ ಡೆಲ್ಟಾ 1994ರದು. ಬೀಟಾ ಆಲ್ಫಾ ಸೈ ಇವೆಲ್ಲಕ್ಕಿಂತ ಭಿನ್ನ. 1919ರಲ್ಲಿ ಇಲಿನಾಯ್‌ನಲ್ಲಿ ಅಕೌಂಟಿಂಗ್ ವಿದ್ಯಾರ್ಥಿಗಳಿಗಾಗಿ ಆರಂಭವಾದ ಅದರಲ್ಲಿ ಅಂಕದ ಜೊತೆಗೆ ಸಭೆಗಳಿಗೆ ಹಾಜರಿ, ಸೇವಾ ಕೆಲಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ವಿದ್ಯಾರ್ಥಿ ತಾನೇ ಮುಂದೆ ಬಂದು ಸೇರಬೇಕು. ಅಕೌಂಟೆನ್ಸಿಯವಳಾಗಿ ನನಗೆ ಇದರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

ಶುಲ್ಕ ಮತ್ತು ಗಡುವು

ಬೀಟಾ ಗಾಮಾ ಸಿಗ್ಮಾದಲ್ಲಿ ಶುಲ್ಕ ಒಂದೇ ಸಲ, ಸದಸ್ಯತ್ವ ಜೀವನಪರ್ಯಂತ. ವರ್ಷವರ್ಷ ಕಟ್ಟುವುದಿಲ್ಲ. ಘಟಿಕೋತ್ಸವದ ದಿನ ಕೊರಳಿಗೆ ಹಾಕಿಕೊಳ್ಳುವ ನೀಲಿ-ಬಂಗಾರ ಬಣ್ಣದ ಹುರಿ, ಚೌಕಟ್ಟು ಮುಂತಾದವನ್ನು ಬೇಕೆಂದವರು ಕೊಂಡರಾಯಿತು. ಪಟ್ಟಿಯಲ್ಲಿ ಯಾವುದು ಸದಸ್ಯತ್ವದ ಶುಲ್ಕ, ಯಾವುದು ಸಾಮಾನಿನ ಬೆಲೆ ಎಂದು ಗೆರೆ ಎಳೆದು ಬೇರೆ ಮಾಡಿಕೊಳ್ಳಿ.

ಹಣ ಕಷ್ಟವಾಗಿದ್ದರೆ ಸುಮ್ಮನಿರಬೇಡಿ. ಕೆಲವು ಕಾಲೇಜುಗಳು ಶುಲ್ಕವನ್ನು ತಾವೇ ಭರಿಸುತ್ತವೆ, ಕೇಳಿದರೆ ತಾನೆ ಗೊತ್ತಾಗುವುದು. ಕೆಲವು ವರ್ಷಗಳ ಹಿಂದೆ ಕೊಪ್ಪದ ಕಡೆಯ ಒಬ್ಬಳಿಗೆ ಕರೆ ಬಂದಿತ್ತು. ಆ ವರ್ಷ ಮಳೆ ಬಿಡದೆ ಸುರಿದು, ಎರಡು ಸಲ ಬೋರ್ಡೋ ದ್ರಾವಣ ಹೊಡೆದರೂ ಕೊಳೆರೋಗ ನಿಲ್ಲದೆ ಅಡಿಕೆ ತೋಟದಲ್ಲಿ ಅರ್ಧ ಫಸಲು ಉದುರಿತ್ತು. ಅಪ್ಪನಿಗೆ ಇನ್ನೊಂದು ಖರ್ಚು ಏಕೆ ಎಂದು ಅವಳು ಯಾರಿಗೂ ಹೇಳಲೇ ಇಲ್ಲ, ಗಡುವು ದಾಟಿತು. ಮನೆಗೆ ಬಂದಾಗ ಮಾತಿನ ನಡುವೆ ನನಗೆ ಹೇಳಿದಳು. ಅವಳ ಅಪ್ಪ ಪಕ್ಕದಲ್ಲೇ ಕುಳಿತಿದ್ದರು. ಅವರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ಗಡುವಿನ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅಲ್ಲಿನ ದಿನ ಮುಗಿಯುವ ಹೊತ್ತಿಗೆ ಇಲ್ಲಿ ಮರುದಿನದ ಬೆಳಗು ಎಂಬುದೂ ನೆನಪಿರಲಿ. ಇಲ್ಲಿಂದ ಹಣ ಕಳುಹಿಸುವವರು ಎರಡು ಮೂರು ದಿನ ಮುಂಚೆಯೇ ಕಳುಹಿಸಿ.

ಹೆಸರಿನ ಕಾಲಂ

ಒಪ್ಪಿಗೆಯ ಅರ್ಜಿಯಲ್ಲಿ ನಮ್ಮವರು ಎಡವುವ ಜಾಗ ಇದು. ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿ ಎಲ್ಲರಿಗೂ ಇಲ್ಲ. ಊರಿನದೋ ಅಪ್ಪನದೋ ಇನಿಷಿಯಲ್ ಸಾಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟಿದ್ದರೆ, ಅಮೆರಿಕದ ವೀಸಾದಲ್ಲಿ ಹೆಸರು ಪೂರ್ತಿ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಮೂರಕ್ಷರ ಅದು. ವಿಶ್ವವಿದ್ಯಾಲಯದ ದಾಖಲೆಗೂ ಅದೇ ಇಳಿಯುತ್ತದೆ.

ನನ್ನ ವಿದ್ಯಾರ್ಥಿಯ ಮಗಳ ಅರ್ಜಿ ದಾಖಲೆಯಿಂದ ತಾನಾಗಿ ತುಂಬಿಕೊಂಡು ಬಂದಿತ್ತು. ಮೊಬೈಲ್ ಪರದೆ ಹಿಗ್ಗಿಸಿ ನೋಡಿದಾಗ ಮೊದಲ ಹೆಸರಿನ ಜಾಗದಲ್ಲಿ ಆ ಮೂರಕ್ಷರ ಕಾಣಿಸಿತು. ಹಾಗೇ ಒಪ್ಪಿದ್ದರೆ ಪ್ರಮಾಣಪತ್ರದಲ್ಲೂ ಅದೇ ಅಚ್ಚಾಗುವ ಸಂಭವವಿತ್ತು. ಪ್ರಮಾಣಪತ್ರದಲ್ಲಿ ಹೆಸರು ಹೀಗಿರಲಿ ಎಂದು ಶಾಖೆಯ ಪ್ರಾಧ್ಯಾಪಕರಿಗೆ ಬರೆದು, ಅವರು ಸರಿಪಡಿಸಿದ ಮೇಲೆಯೇ ಅವಳು ಶುಲ್ಕ ಕಟ್ಟಿದಳು. ಮೇ ತಿಂಗಳಲ್ಲಿ ಪ್ರಮಾಣಪತ್ರದ ಫೋಟೊ ನನಗೆ ಬಂತು. ಅವಳ ಹೆಸರು, ಅದರ ಮುಂದೆ ಪೂರ್ತಿಯಾಗಿ ಅವಳ ಅಪ್ಪನ ಹೆಸರು.