ಹಾವು ನೀರಿನ ಬಟ್ಟಲಲ್ಲೇ ಕೂತಿದೆಯಾ? ಮೊದಲು ಗಲ್ಲದ ಕೆಳಗೆ ನೋಡಿ

ನಿಮ್ಮ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಪುಟ್ಟ ಹೆಬ್ಬಾವು) ಯಾವಾಗಲೋ ಒಮ್ಮೆ ನೀರಿಗಿಳಿದು ಅರ್ಧ ಗಂಟೆ ಕೂತರೆ ಚಿಂತೆ ಬೇಡ. ಆದರೆ ಬೆಳಗ್ಗೆ ನೋಡಿದರೂ ಅಲ್ಲೇ, ರಾತ್ರಿ ನೋಡಿದರೂ ಅಲ್ಲೇ, ಮೂತಿ ಮಾತ್ರ ನೀರಿನ ಮೇಲೆ, ಹೀಗೇ ಎರಡು ಮೂರು ದಿನ ಆಯಿತು ಅಂದರೆ ಏನೋ ಸರಿಯಿಲ್ಲ. ಇದು ಆಫ್ರಿಕಾದ ಹುಲ್ಲುಗಾವಲಿನ ಹಾವು, ಹಗಲು ಬಿಲದಲ್ಲಿ ಮಲಗುವ ಜಾತಿ, ನೀರುಹಾವಲ್ಲ. ನಾನು ಮಾತ್ರ 'ಪಾಪ, ಸ್ನಾನ ಮಾಡಲಿ' ಅಂತ ಒಂದು ವಾರ ಸುಮ್ನೆ ಇದ್ದೆ.

ನನ್ನ ಹಾವಿಗೆ ಮೈಟ್ ಹತ್ತಿತ್ತು, ಯಾರೋ ಕೊಟ್ಟ, ಹಾವು ಸಾಕುವ ಹಳೇ ಗಾಜಿನ ಟ್ಯಾಂಕಿನಿಂದ. ರಕ್ತ ಹೀರುವ ಹುಳ ಇದು, ದೊಡ್ಡದಾದರೂ ಗಸಗಸೆ ಕಾಳಿನಷ್ಟೇ, ಬಣ್ಣ ಕಪ್ಪು. ಬಟ್ಟಲಿನ ತಳದಲ್ಲಿ ಕಪ್ಪು ಚುಕ್ಕೆಗಳು ಸತ್ತು ಬಿದ್ದಿವೆಯಾ ನೋಡಿ. ಆಮೇಲೆ ಒದ್ದೆ ಮಾಡಿದ ಬಿಳಿ ಟಿಶ್ಯೂವನ್ನು ತಲೆಯಿಂದ ಬಾಲದವರೆಗೆ ಮೆಲ್ಲಗೆ ಎಳೆಯಿರಿ. ಕಣ್ಣಿನ ಅಂಚು, ಗಲ್ಲದ ಕೆಳಗಿನ ಗೀರು, ತುಟಿ ಮೇಲಿನ ಗುಳಿಗಳು, ಇವನ್ನು ಟಾರ್ಚ್ ಹಾಕಿಯೇ ನೋಡಬೇಕು. ಹಾವು ನೀರಲ್ಲಿ ಮುಳುಗಿದರೂ ತಲೆ ಹೊರಗಿರುತ್ತಲ್ವಾ, ಹುಳಗಳೆಲ್ಲ ಅಲ್ಲಿಗೇ ಓಡುತ್ತವೆ.

ಮೊಟ್ಟೆ ಇರುವುದು ಹಾವಿನ ಮೈಮೇಲಲ್ಲ, ಟ್ಯಾಂಕಿನ ಮೂಲೆ ಸಂದಿಗಳಲ್ಲಿ. ಹಾಗಾಗಿ ಹಾಸಿದ ತೆಂಗಿನ ನಾರು, ಮರದ ತುಂಡು ಎಲ್ಲ ಚೀಲಕ್ಕೆ ತುಂಬಿ ಬಿಸಾಕಿ, ಟ್ಯಾಂಕನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದು, ಬಿಳಿ ಪೇಪರ್ ಹಾಸಿ, ದಿನಾ ಬದಲಿಸಿ. ಔಷಧ ಮಾತ್ರ ಹಾವು ನೋಡುವ ವೈದ್ಯರನ್ನು ಕೇಳಿಯೇ ಹಾಕಿ. ನಾಯಿ ಉಣ್ಣೆಯ ಔಷಧ, ಜಿರಳೆ ಸ್ಪ್ರೇ ಅಂತ ಪ್ರಯೋಗ ಮಾಡಿದರೆ ಮೈಟ್ ಜೊತೆ ಹಾವೂ ಹೋಗುತ್ತದೆ. ಎರಡು ಮೂರು ವಾರಕ್ಕೆ ಹೊಸ ತಲೆಮಾರು ಬರುತ್ತೆ, ಅದಕ್ಕೇ ಹುಳ ಕಾಣದಿದ್ದರೂ ಒಂದೂವರೆ ತಿಂಗಳು ಈ ಕೆಲಸ ಬಿಡಬೇಡಿ.

ಮೈಟ್ ಇಲ್ವಾ? ಹಾಗಾದರೆ ಬಿಸಿ ನೋಡಿ. ಗಾಜಿಗೆ ಅಂಟಿಸುವ ಥರ್ಮಾಮೀಟರ್ ನಂಬಬೇಡಿ, ವೈರ್ ಇರುವುದನ್ನು ಹಾವು ಮಲಗುವ ಕಡೆ ನೆಲಕ್ಕೇ ಇಡಿ. ಬೆಚ್ಚಗಿನ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರಿಂದ 27. ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂತೆ ತಡೆಯುವ ಸಾಧನ) ಇಲ್ಲದ ಹೀಟ್ ಮ್ಯಾಟ್, ಅಂದರೆ ಟ್ಯಾಂಕ್ ಬೆಚ್ಚಗಿಡುವ ಕರೆಂಟ್ ಹಾಸು, ಇದನ್ನು ಸುಲಭವಾಗಿ ದಾಟುತ್ತದೆ, ಆಗ ಹಾವಿಗೆ ತಂಪು ಸಿಗುವುದು ಬಟ್ಟಲಲ್ಲಿ ಮಾತ್ರ.

ಗಾಳಿ ಒಣಗಿದ್ದರೂ ಹೀಗೇ ಮಾಡುತ್ತದೆ. ಅಮೆರಿಕದ ಚಳಿಗಾಲದಲ್ಲಿ ಮನೆ ಹೀಟರ್ ಹಚ್ಚಿದರೆ ನಮ್ಮ ತುಟಿಯೇ ಒಡೆಯುತ್ತದೆ, ಹಾವಿನ ಕಥೆ ಕೇಳಬೇಕಾ. ತೇವ ಶೇಕಡಾ 60ರ ಆಸುಪಾಸು ಇರಲಿ. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಹೊತ್ತು, ತೂತು ಕೊರೆದ ಡಬ್ಬಿಯಲ್ಲಿ ಒದ್ದೆ ಸ್ಫ್ಯಾಗ್ನಮ್ ಪಾಚಿ (ಮಾಸ್) ತುಂಬಿ ಇಟ್ಟರೆ ಸಾಕು. ಇನ್ನು ಅಡಗಲು ಮೈಗೆ ಒತ್ತುವಂಥ ಇಕ್ಕಟ್ಟು ಗೂಡು ಇಲ್ಲದಿದ್ದರೂ ಬಟ್ಟಲೇ ಗೂಡಾಗುತ್ತದೆ. ಎರಡೂ ಬದಿಗೆ ಒಂದೊಂದು ಇಡಿ. ಮೊಟ್ಟೆ ತುಂಬಿದ ಹೆಣ್ಣು, ಮಲ ಕಟ್ಟಿದ ಹಾವು ಕೂಡ ನೀರಿಗಿಳಿಯುವುದುಂಟು.

ಏನೇ ಆದರೂ ಬಟ್ಟಲನ್ನು ಕಿತ್ತುಕೊಳ್ಳಬೇಡಿ, ಅದು ಕುಡಿಯುವ ನೀರು. ದಿನಗಟ್ಟಲೆ ನೆಂದು ಹೊಟ್ಟೆಯ ಕಡೆ ಗುಳ್ಳೆ ಎದ್ದರೆ, ಹುರುಪೆ ಕೆಂಪಾದರೆ, ಬಾಯಿ ತೆರೆದು ಉಸಿರಾಡಿದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಭಾರತದಲ್ಲಿ ಸಾಕಿರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ ನೋಂದಣಿ ಕಾಗದವನ್ನೂ ಜೊತೆಗಿಟ್ಟುಕೊಳ್ಳಿ.