ರೇಸಿಗೆ ಇಳಿಯೋ ಮುಂಚೆ ಕುತ್ತಿಗೆ ಗಟ್ಟಿ ಮಾಡಿಕೊಳ್ಳಿ

ಕೊಯಮತ್ತೂರಿನಲ್ಲಿ ನನ್ನ ಮೊದಲ ಫಾರ್ಮುಲಾ ರೇಸು, ಅಂದರೆ ಒಬ್ಬರೇ ಕೂರುವ ತೆರೆದ ಕಾರಿನ ರೇಸು. ಒಂಬತ್ತನೇ ಸುತ್ತಿಗೆ ನನ್ನ ತಲೆ ಬಲಕ್ಕೆ ವಾಲಿಬಿಟ್ಟಿತು. ಎಡ ತಿರುವು ಬಂದಾಗಲೆಲ್ಲ ನೆಟ್ಟಗೆ ನಿಲ್ಲಿಸಲು ಆಗಲೇ ಇಲ್ಲ. ಜಿಮ್‌ನಲ್ಲಿ ತೋಳು, ಎದೆ ಬೆಳೆಸಿಕೊಂಡಿದ್ದೆ, ಕುತ್ತಿಗೆಯನ್ನು ಮರೆತಿದ್ದೆ. ಮೈಸೂರಿಗೆ ವಾಪಸ್ ಬಂದಾಗ ಗರಡಿಯಲ್ಲಿ ಬೆಳೆದ ನಮ್ಮ ತಾತ ನನ್ನ ಕತ್ತಿನ ಹಿಂಬದಿ ಹಿಡಿದು ನೋಡಿ, "ಮೊದ್ಲು ಇದು ಗಟ್ಟಿಯಾಗ್ಬೇಕು ಕಣ್ಲಾ, ತೋಳು ಆಮೇಲೆ" ಅಂದರು. ಅವತ್ತಿಂದ ಶುರುವಾದ ಸಾಮು ಇದು.

ಲೆಕ್ಕ ನೋಡಿ. ತಲೆಯ ತೂಕ ಸುಮಾರು 5 ಕೆಜಿ, ಹೆಲ್ಮೆಟ್ ಒಂದೂವರೆ. ತಿರುವಿನಲ್ಲಿ 2ಜಿ, ಅಂದರೆ ಭೂಮಿಯ ಸೆಳೆತದ ಎರಡರಷ್ಟು ಬಲ, ಬಂದರೆ ಆ ಆರೂವರೆ ಕೆಜಿ 13 ಕೆಜಿಯಾಗಿ ಪಕ್ಕಕ್ಕೆ ಎಳೆಯುತ್ತದೆ. ಫಾರ್ಮುಲಾ ಒನ್‌ನಲ್ಲಿ 5ಜಿವರೆಗೂ ಬರುತ್ತದೆ, ಅಂದರೆ 30 ಕೆಜಿಗೂ ಜಾಸ್ತಿ. ಅದೂ ಪ್ರತಿ ಸುತ್ತಿನಲ್ಲೂ, ಮತ್ತೆ ಮತ್ತೆ.

ಹಾಗಾಗಿ ಕುತ್ತಿಗೆ ಅಲ್ಲಾಡಿಸುವುದಕ್ಕಿಂತ ಅಲ್ಲಾಡದಂತೆ ಹಿಡಿಯುವುದನ್ನು ಕಲಿಸಬೇಕು. ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂತುಕೊಳ್ಳಿ. ಅಂಗೈಯನ್ನು ಕಿವಿಯ ಮೇಲ್ಭಾಗಕ್ಕೆ ಒತ್ತಿ, ತಲೆಯಿಂದ ವಾಪಸ್ ಒತ್ತಿ. ತಲೆ ಒಂದಿಂಚೂ ಕದಲಬಾರದು. ಹತ್ತು ಎಣಿಸಿ ಬಿಡಿ. ಎಡ, ಬಲ, ಹಣೆ, ಹಿಂದೆಲೆ, ಹೀಗೆ ನಾಲ್ಕು ಕಡೆ, ಮೂರು ಸಲ. ಮೊದಲ ಎರಡು ವಾರ ಅರ್ಧ ಬಲ ಸಾಕು. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಬಿಡುವು ಕೊಡಿ.

ತಿಂಗಳಾದ ಮೇಲೆ ಹೆಲ್ಮೆಟ್ ಹಾಕಿಕೊಂಡು ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿ, ತಲೆ ಅಂಚಿನಿಂದ ಹೊರಗಿರಲಿ. ಕತ್ತು ಬೆನ್ನಿನ ನೇರಕ್ಕೇ ಇರುವಂತೆ 20 ಸೆಕೆಂಡು ಹಿಡಿಯಿರಿ. ಹದಿನೈದನೇ ಸೆಕೆಂಡಿಗೆ ಕಿವಿಯ ಕೆಳಗಿನ ಸ್ನಾಯು ಅದುರಲು ಶುರುವಾಗುತ್ತದೆ. ಉಸಿರು ಮಾತ್ರ ಕಟ್ಟಬೇಡಿ. ಕೈಗೆ ಜೋಮು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪೈಲ್ವಾನರು ತಲೆ ನೆಲಕ್ಕೂರಿ ಮೈಯೆಲ್ಲ ಬಿಲ್ಲಾಗಿಸುತ್ತಾರಲ್ಲ, ಹೊಸಬರು ಅದಕ್ಕೆ ಕೈ ಹಾಕಬೇಡಿ. ಅದು ವಸ್ತಾದರ ಕಣ್ಣೆದುರು ವರ್ಷಗಟ್ಟಲೆ ಕಲಿಯುವಂಥದ್ದು.

ಸೊಂಟ, ಭುಜಕ್ಕೆ ಗದೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹಗುರ ಗದೆ, ಒಂದೊಂದು ಕೈಗೆ ಹತ್ತು ಸುತ್ತು. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಈ ಭುಜ ಬೇಕೇ ಬೇಕು. ಕಾಲಿಗೆ ಬಸ್ಕಿ. ಜೊತೆಗೆ ಜಿಮ್‌ನ ಲೆಗ್ ಪ್ರೆಸ್‌ನಲ್ಲಿ ಒಂದೇ ಕಾಲಲ್ಲಿ ಜೋರಾಗಿ ಒತ್ತಿ, ತುಂಬ ನಿಧಾನವಾಗಿ ಬಿಡಿ. ತಿರುವಿಗೆ ಹೋಗುವಾಗ ಬ್ರೇಕ್ ಬಿಡುವುದೂ ಹೀಗೇ ಅಲ್ವಾ?

ದಮ್ಮಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಸುಮಾರು ಸಾವಿರ ಇವೆ. ರೇಸಿನಲ್ಲಿ ಎದೆಬಡಿತ ನಿಮಿಷಕ್ಕೆ 160, 170ಕ್ಕೆ ಏರಿ ಅಷ್ಟರಲ್ಲೇ ಉಳಿದುಬಿಡುತ್ತದೆ. ಓಡಿ ಓಡಿ ನಿಲ್ಲುವುದಕ್ಕಿಂತ ಒಂದೇ ವೇಗದಲ್ಲಿ ನಿಲ್ಲದೆ ಹತ್ತಿ. ನಂದಿ ದಾಟಿದ ಮೇಲೆ, ಏದುಸಿರು ಬರುವಾಗ, ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಹೇಳಿ. ಸುಸ್ತಿನಲ್ಲೂ ತಲೆ ಓಡಬೇಕು. ಇಳಿಯಲು ಸಿಟಿ ಬಸ್ ಹತ್ತಿ, ಮಂಡಿ ಉಳಿಯುತ್ತದೆ.

ಕೊನೆಗೆ ಬಿಸಿಲು. ಇದನ್ನು ಹಗುರವಾಗಿ ತಗೋಬೇಡಿ. 2023ರ ಕತಾರ್ ಫಾರ್ಮುಲಾ ಒನ್ ರೇಸಿನಲ್ಲಿ ಲೋಗನ್ ಸಾರ್ಜೆಂಟ್ ನಡುವೆಯೇ ಕಾರು ನಿಲ್ಲಿಸಬೇಕಾಯಿತು, ಎಸ್ತೆಬಾನ್ ಓಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡರು. ಅಂಥವರಿಗೇ ಹಾಗಾದರೆ, ಬೆಂಕಿ ತಡೆಯುವ ದಪ್ಪ ಸೂಟ್ ಹಾಕಿ ಚೆನ್ನೈ ಸೆಕೆಯಲ್ಲಿ ಓಡಿಸುವ ನಮ್ಮ ಪಾಡೇನು? ಮೈಸೂರಿನ ತಂಪು ಹವೆ ನಮ್ಮನ್ನು ಅದಕ್ಕೆ ಸಿದ್ಧ ಮಾಡುವುದಿಲ್ಲ. ರೇಸಿಗೆ ಎರಡು ವಾರ ಇರುವಾಗಿನಿಂದ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಬಿಸಿಲಲ್ಲಿ ಸೈಕಲ್ ತುಳಿಯಿರಿ. ಮೊದಲ ದಿನ 20 ನಿಮಿಷ, ಆಮೇಲೆ ನಿಧಾನವಾಗಿ 45. ಜೊತೆಗೆ ಒಬ್ಬರು ಇರಲೇಬೇಕು. ತಲೆ ಸುತ್ತಿದರೆ ನೆರಳಿಗೆ ಬನ್ನಿ.

ಶುರು ಮಾಡುವ ಮುಂಚೆ, ಮುಗಿದ ಮೇಲೆ ತೂಕ ನೋಡಿ ಬರೆದಿಡಿ. 1 ಕೆಜಿ ಇಳಿದಿದ್ದರೆ ಹೆಚ್ಚುಕಮ್ಮಿ 1 ಲೀಟರ್ ಬೆವರು ಹೋಗಿದೆ. ಅದಕ್ಕೆ ಒಂದೂವರೆ ಲೀಟರ್ ವಾಪಸ್ ಕುಡಿಯಬೇಕು, ಒಂದೇ ಗುಟುಕಿಗಲ್ಲ, ಮೂರ್ನಾಲ್ಕು ಗಂಟೆಯಲ್ಲಿ. ನಾನು ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯುತ್ತೇನೆ. ಚೆನ್ನೈಗೆ ಹೊರಟಾಗ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ಎಳನೀರು ತುಂಬಿಕೊಳ್ಳುತ್ತೇನೆ, ಜೊತೆಗೆ ಒಂದು ಪೊಟ್ಟಣ ಉಪ್ಪು. ಎಳನೀರಲ್ಲಿ ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗುವುದು ಅದೇ.